ಶೋಭಾಳ ಕೈಗೆ ಬ್ಯಾಗ್ ಕೊಟ್ಟ ಬೆಳಿಗ್ಗೆ

೨೦೦೬ರಲ್ಲಿ ನಾನು ಬಿಡದಿಗೂ ರಾಮನಗರಕ್ಕೂ ನಡುವೆ, ಮೈಸೂರು ರಸ್ತೆಯ ಪಕ್ಕದಲ್ಲಿದ್ದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಮೂವತ್ತು ಹಾಸಿಗೆಯ ಆಸ್ಪತ್ರೆ. ಹದಿನಾಲ್ಕು ಜನ ನರ್ಸುಗಳು, ದಿನಕ್ಕೆ ಮೂರು ಪಾಳಿ. ಅದು ಈಗ ಬೇರೆಯವರ ಆಡಳಿತಕ್ಕೆ ಹೋಗಿ ಹೆಸರೂ ಕಟ್ಟಡವೂ ಬದಲಾಗಿವೆ, ಆದ್ದರಿಂದ ಹೆಸರು ಹೇಳುವುದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ರೈತರ ಮನೆಯಲ್ಲಿ ಹುಟ್ಟಿದ ನನಗೆ ಆಗ ನಲವತ್ತೆಂಟು ವರ್ಷ. ನರ್ಸ್ ಆಗಿ ಇಪ್ಪತ್ತಾರು ವರ್ಷ ದುಡಿದಿದ್ದೆ. ಜೊತೆಯವರು ಸರೋಜ ಮೇಡಂ ಎನ್ನುತ್ತಿದ್ದರು, ರೋಗಿಗಳ ಕಡೆಯವರಿಗೆ ನಾನು ಸಿಸ್ಟರಮ್ಮ.

ನಾನು ಅಲ್ಲಿಗೆ ಸೇರಿದ ಹೊಸತರಲ್ಲಿ ಬರುತ್ತಿದ್ದವರು ಹೆಚ್ಚಾಗಿ ಹಳ್ಳಿಯ ಜನ. ಹೆರಿಗೆ, ಹಾವು ಕಚ್ಚಿದ್ದು, ರೇಷ್ಮೆ ನೂಲು ತೆಗೆಯುವಾಗ ಬಿಸಿನೀರಿಗೆ ಕೈ ಸುಟ್ಟುಕೊಂಡದ್ದು, ಇಂಥವೇ. ಆಮೇಲೆ ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಬಂದವು. ರಾಗಿ ಹೊಲಗಳಿದ್ದ ಕಡೆ ಸಾಲಾಗಿ ಶೀಟಿನ ಮನೆಗಳೆದ್ದವು, ಪಾಳಿ ಬಸ್ಸುಗಳು ಓಡಾಡತೊಡಗಿದವು. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಬಂದು ಆ ಮನೆಗಳಲ್ಲಿ ಬಾಡಿಗೆಗೆ ಇರುತ್ತಿದ್ದರು. ಅವರ ಜೊತೆಗೆ ಅವರ ಪುಟ್ಟ ಮಕ್ಕಳೂ ಬಂದರು. ಎರಡು ಮೂರು ವರ್ಷದೊಳಗೆ ನಮ್ಮ ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ಅರ್ಧಕ್ಕರ್ಧ ಮಕ್ಕಳೇ ಕಾಣುವಂತಾಯಿತು. ನಮ್ಮಲ್ಲಿ ಮಕ್ಕಳ ತಜ್ಞರು ಪೂರ್ಣಾವಧಿಗೆ ಇರಲಿಲ್ಲ. ಡಾಕ್ಟರ್ ಶ್ರೀಧರ ಎಂಬುವವರು ಮಂಗಳವಾರ, ಶುಕ್ರವಾರ ಬೆಂಗಳೂರಿನಿಂದ ಬಂದು ಹೋಗುತ್ತಿದ್ದರು.

ಶ್ರೀಧರ ಅವರೇ ಒಂದು ದಿನ ಹೇಳಿದರು. "ಸಿಸ್ಟರ್, ವಾರದಲ್ಲಿ ಐದು ದಿನ ನಾನಿರಲ್ಲ. ಉಸಿರು ನಿಂತ ಮಗು ಮಂಗಳವಾರ ನೋಡ್ಕೊಂಡು ಬರಲ್ಲ. ನಿಮ್ಮ ಹುಡುಗಿಯರಿಗೆ ನಾನು ಕಲಿಸ್ತೀನಿ."

ಹೀಗೆ ಆ ವರ್ಷದ ಜೂನ್ ತಿಂಗಳಲ್ಲಿ ನಮ್ಮ ಹದಿನಾಲ್ಕು ನರ್ಸುಗಳಿಗೆ ಪೀಡಿಯಾಟ್ರಿಕ್ ರಿಸಸಿಟೇಶನ್ನಿನಲ್ಲಿ ಎರಡು ದಿನಗಳ ತರಬೇತಿ ನಡೆಯಿತು. ಹಾಗೆಂದರೆ ಉಸಿರು ಅಥವಾ ಹೃದಯ ನಿಂತ, ನಿಲ್ಲುವ ಹಂತದಲ್ಲಿರುವ ಮಗುವನ್ನು ಮರಳಿ ಉಸಿರಾಡುವಂತೆ ಮಾಡುವ ವಿಧಾನ. ದೊಡ್ಡವರಲ್ಲಿ ಸಾಮಾನ್ಯವಾಗಿ ಹೃದಯ ಮೊದಲು ಕೈಕೊಡುತ್ತದೆ. ಮಕ್ಕಳಲ್ಲಿ ಬಹುಪಾಲು ಉಸಿರು ಮೊದಲು ನಿಲ್ಲುತ್ತದೆ, ಅದರ ಹಿಂದೆ ಹೃದಯ ನಿಧಾನವಾಗುತ್ತಾ ಹೋಗುತ್ತದೆ. ಆದ್ದರಿಂದ ಮಗುವಿಗೆ ಎಲ್ಲಕ್ಕಿಂತ ಮೊದಲು ಗಾಳಿ ಕೊಡಬೇಕು. ಅದಕ್ಕೆ ಆಂಬು ಬ್ಯಾಗ್ ಎಂಬ ರಬ್ಬರಿನ ಚೀಲವಿದೆ. ಅದರ ಮುಂದಿನ ಮಾಸ್ಕನ್ನು ಮಗುವಿನ ಬಾಯಿ ಮೂಗಿನ ಮೇಲೆ ಗಾಳಿ ಸೋರದಂತೆ ಒತ್ತಿ ಹಿಡಿದು ಚೀಲವನ್ನು ಮೆಲ್ಲಗೆ ಹಿಂಡಿದರೆ ಗಾಳಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಷ್ಟಾದರೂ ನಾಡಿ ನಿಮಿಷಕ್ಕೆ ಅರವತ್ತಕ್ಕಿಂತ ಕಡಿಮೆಯೇ ಇದ್ದರೆ ಎದೆ ಒತ್ತಲು ಶುರು ಮಾಡಬೇಕು. ಇಬ್ಬರಿದ್ದಾಗ ಹದಿನೈದು ಒತ್ತಿಗೆ ಎರಡು ಉಸಿರು. ಈ ಲೆಕ್ಕವೂ ಆಗಷ್ಟೇ ಬದಲಾಗಿತ್ತು. ನಾವೆಲ್ಲ ಕಲಿತಿದ್ದು ಐದಕ್ಕೆ ಒಂದು.

ಶ್ರೀಧರ ಬೆಂಗಳೂರಿನಿಂದ ತಂದಿದ್ದ ತರಬೇತಿ ಗೊಂಬೆಯ ಮೇಲೆ ಎಲ್ಲರೂ ಮಾಡಿ ತೋರಿಸಿದರು, ಎಲ್ಲರೂ ಪಾಸಾದರು. ಪ್ರಮಾಣಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಿ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಸಾಲಾಗಿ ಹಾಕಿಸಿದೆ. ನನಗೆ ಹೆಮ್ಮೆಯಾಗಿತ್ತು. ಆ ಕೆಲಸ ಮುಗಿಯಿತು ಎಂದೇ ತಿಳಿದಿದ್ದೆ.

ಡಿಸೆಂಬರ್ ತಿಂಗಳ ಒಂದು ಶುಕ್ರವಾರ ಶ್ರೀಧರ ಯಾರಿಗೂ ಹೇಳದೆ ಅದೇ ಗೊಂಬೆಯನ್ನು ಕಾರಿನಲ್ಲಿ ಹಾಕಿಕೊಂಡು ಬಂದರು. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಅದನ್ನು ಮಕ್ಕಳ ವಾರ್ಡಿನ ಹಾಸಿಗೆಯ ಮೇಲೆ ಮಲಗಿಸಿ, "ಎರಡು ವರ್ಷದ ಮಗು, ಉಸಿರಿಲ್ಲ, ಮಾಡಿ" ಎಂದು ಒಬ್ಬೊಬ್ಬರನ್ನೇ ಒಳಗೆ ಕರೆದರು. ಬೆಳಗಿನ, ಮಧ್ಯಾಹ್ನದ ಪಾಳಿ ಸೇರಿ ಅಂದು ಒಂಬತ್ತು ಜನರಿದ್ದರು. ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಮಾಡಿದವರು ಇಬ್ಬರೇ. ಒಬ್ಬಳು ದೊಡ್ಡವರ ಮಾಸ್ಕ್ ಎತ್ತಿಕೊಂಡಳು. ಇನ್ನೊಬ್ಬಳು ಗಾಳಿ ಕೊಡುವುದನ್ನೇ ಮರೆತು ಎದೆ ಒತ್ತಲು ಶುರು ಮಾಡಿದಳು. ಲೆಕ್ಕವಂತೂ ಐದಕ್ಕೆ ಒಂದು, ಹತ್ತಕ್ಕೆ ಎರಡು, ಮೂವತ್ತಕ್ಕೆ ಒಂದು ಎಂದು ಬಾಯಿಗೆ ಬಂದಂತೆ ಹೊರಟಿತು. ವಿಚಿತ್ರವೆಂದರೆ, ಬಾಯಲ್ಲಿ ಕೇಳಿದರೆ ಹೆಚ್ಚಿನವರು ಹಂತಗಳನ್ನು ಸರಿಯಾಗಿಯೇ ಹೇಳುತ್ತಿದ್ದರು. ಕೈ ಮಾತ್ರ ಮರೆತಿತ್ತು.

ಎಲ್ಲರಿಗಿಂತ ಕಷ್ಟಪಟ್ಟವಳು ಶೋಭಾ. ಮಾಗಡಿ ಕಡೆಯ ಹಳ್ಳಿಯ ಹುಡುಗಿ, ಇಪ್ಪತ್ತಮೂರು ವರ್ಷ, ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಸ್ವಭಾವತಃ ಅಂಜುಬುರುಕಿ. ಡಾಕ್ಟರರ ಎದುರು ಮಾತನಾಡುವಾಗ ಅವಳ ದನಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಂದು ಅವಳು ಬ್ಯಾಗ್ ಹಿಂಡುವ ಮೊದಲೇ ಮಾಸ್ಕ್ ಗೊಂಬೆಯ ಮುಖದಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಹೊರಗೆ ಓಡಿಹೋದಳು.

ನನಗೆ ಕೋಪ ಬಂತು. ಉಳಿದವರನ್ನು ನಿಲ್ಲಿಸಿಕೊಂಡು, ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ತೋರಿಸಿ, ನಾಚಿಕೆಯಾಗಬೇಕು ಎಂದು ಬೈಯತೊಡಗಿದೆ. ಶ್ರೀಧರ ಗೊಂಬೆಯನ್ನು ಸರಿಯಾಗಿ ಮಲಗಿಸಿದರು. ಆಮೇಲೆ, "ಸಿಸ್ಟರ್, ನೀವೂ ಒಂದು ಸಲ ಮಾಡಿ" ಎಂದರು.

ಮಾಡಿದೆ. ಸರಿಯಾದ ಮಾಸ್ಕನ್ನೇ ಆರಿಸಿಕೊಂಡೆ, ಬಿಗಿಯಾಗಿಯೇ ಹಿಡಿದೆ, ಚೀಲ ಹಿಂಡಿದೆ. ಒಂದು, ಎರಡು, ಮೂರು. ಐದನೆಯದಕ್ಕೆ ಶ್ರೀಧರ ಮೆಲ್ಲಗೆ ಕೇಳಿದರು. "ಎದೆ ಏಳ್ತಾ ಇದೆಯಾ ಸಿಸ್ಟರ್?"

ನಾನು ಎದೆಯನ್ನು ನೋಡಿಯೇ ಇರಲಿಲ್ಲ. ಅದು ಏಳುತ್ತಿರಲಿಲ್ಲ. ಗೊಂಬೆಯ ಕತ್ತನ್ನು ದೊಡ್ಡವರಿಗೆ ಮಾಡುವ ಹಾಗೆ ಪೂರ್ತಿ ಹಿಂದಕ್ಕೆ ಬಾಗಿಸಿದ್ದೆ. ಸಣ್ಣ ಮಕ್ಕಳ ಗಾಳಿಕೊಳವೆ ಮೆತ್ತಗಿರುತ್ತದೆ. ಕತ್ತನ್ನು ಅತಿಯಾಗಿ ಬಾಗಿಸಿದರೆ ದಾರಿ ತೆರೆಯುವ ಬದಲು ಮುಚ್ಚಿಕೊಳ್ಳಬಹುದು. ತಲೆ ಸ್ವಲ್ಪವೇ ಹಿಂದಕ್ಕಿರಬೇಕು, ಮಗು ಹೂವನ್ನು ಮೂಸಲು ಮೂಗು ಮುಂದೆ ಚಾಚಿದಷ್ಟು. ಇದನ್ನು ಜೂನ್‌ನಲ್ಲಿ ನಾನೇ ಹುಡುಗಿಯರಿಗೆ ಮತ್ತೆ ಮತ್ತೆ ಹೇಳಿದ್ದೆ. ಆರು ತಿಂಗಳಲ್ಲಿ ನನ್ನ ಕೈ ತನ್ನ ಇಪ್ಪತ್ತಾರು ವರ್ಷಗಳ ಹಳೆಯ ರೂಢಿಗೆ ಮರಳಿತ್ತು.

ಅಂದು ಸಂಜೆ ಹುಡುಗಿಯರ ಮುಖ ನೋಡಲಾಗದೆ ಬೇಗ ಮನೆಗೆ ಹೋದೆ. ಬಸ್ಸಿನಲ್ಲಿ ಕುಳಿತು, ಈ ಆರು ತಿಂಗಳಲ್ಲಿ ಅಂಥ ಮಗುವೊಂದು ಬಂದಿದ್ದರೆ ಎಂದು ಯೋಚಿಸಿದೆ.

ಮರುದಿನ ಬೆಳಿಗ್ಗೆ ಶೋಭಾ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರಾಜೀನಾಮೆಯ ಅರ್ಜಿ.

"ನನ್ನ ಕೈಲಿ ಈ ಕೆಲಸ ಆಗಲ್ಲ ಮೇಡಂ. ಮಕ್ಕಳ ಜೀವದ ವಿಷಯ. ಊರಲ್ಲಿ ಟೈಲರಿಂಗ್ ಮಾಡ್ಕೊಂಡು ಇರ್ತೀನಿ."

"ಟೈಲರಿಂಗ್ ಬರುತ್ತೇನಮ್ಮ ನಿನಗೆ?"

"ಅಮ್ಮ ಕಲಿಸವ್ರೆ."

ಆ ಅರ್ಜಿಯನ್ನು ತೆಗೆದುಕೊಂಡು ಮೇಜಿನ ಡ್ರಾಯರಿಗೆ ಹಾಕಿದೆ. "ಇದನ್ನ ಆಮೇಲೆ ನೋಡೋಣ. ನಿನ್ನೆ ನಾನೂ ಫೇಲಾದೆ, ನಿನಗೆ ಯಾರೂ ಹೇಳಲಿಲ್ವಾ? ಡಾಕ್ಟ್ರ ಗೊಂಬೆ ಬೆಂಗಳೂರಿಗೆ ವಾಪಸ್ ಹೋಯ್ತು. ನಮಗೆ ಇಲ್ಲೇ ಇರೋ ಒಂದು ಗೊಂಬೆ ಬೇಕು. ಹೊಲಿದುಕೊಡ್ತೀಯಾ?"

ಅವಳು ಹೊಲಿದು ತಂದ ಗೊಂಬೆ ನೋಡಲು ಚೆಂದವಾಗಿರಲಿಲ್ಲ. ರೆಕ್ಸಿನ್ನಿನ ಮೈಯೊಳಗೆ ಹತ್ತಿ ತುಂಬಿದ್ದಳು. ಎದೆಯ ಜಾಗದಲ್ಲಿ ಅರ್ಧ ಲೀಟರಿನ ಖಾಲಿ ಸಲೈನ್ ಬಾಟಲಿ, ಒತ್ತಿದರೆ ತಗ್ಗಿ ಬಿಟ್ಟರೆ ತಾನಾಗಿ ಮೇಲೇಳುತ್ತಿತ್ತು. ತಲೆ ಒಂದು ದೊಡ್ಡ ಪ್ಲಾಸ್ಟಿಕ್ ಗೊಂಬೆಯದು. ಬಾಯಿ ಕೊರೆದು ಒಂದು ಮೆತ್ತನೆಯ ಟ್ಯೂಬ್ ಇಳಿಸಿ, ಅದರ ತುದಿಗೆ ಬಳಸದ ಯೂರಿನ್ ಬ್ಯಾಗ್ ಸಿಕ್ಕಿಸಿ ಎದೆಯ ಬಟ್ಟೆಯ ಕೆಳಗೆ ಹರಡಿದ್ದಳು. ಗಾಳಿ ಕೊಟ್ಟರೆ ಆ ಚೀಲ ಉಬ್ಬಿ ಎದೆ ಏಳುತ್ತಿತ್ತು. ಅವಳು ಎಣಿಸಿಯೇ ಇರದ ಇನ್ನೊಂದು ಗುಣವೂ ಆ ಗೊಂಬೆಗೆ ಬಂದುಬಿಟ್ಟಿತ್ತು. ಕತ್ತನ್ನು ಅತಿಯಾಗಿ ಬಾಗಿಸಿದರೆ ಒಳಗಿನ ಟ್ಯೂಬ್ ಮಡಚಿಕೊಂಡು ಗಾಳಿ ನಿಂತುಹೋಗುತ್ತಿತ್ತು, ಥೇಟ್ ಮಗುವಿನ ಹಾಗೆಯೇ. ಹುಡುಗಿಯರು ಅದಕ್ಕೆ ಗುಂಡ ಎಂದು ಹೆಸರಿಟ್ಟರು.

ಜನವರಿಯಿಂದ ಒಂದು ನಿಯಮ ಮಾಡಿದೆ. ಪಾಳಿ ಬದಲಾಗುವಾಗ ಹತ್ತು ನಿಮಿಷ ಮೊದಲೇ ಬರಬೇಕು, ಇಬ್ಬಿಬ್ಬರಾಗಿ ಗುಂಡನ ಮೇಲೆ ಒಂದು ಸಲ ಮಾಡಬೇಕು. ಒಬ್ಬೊಬ್ಬರಿಗೂ ವಾರಕ್ಕೊಮ್ಮೆ ಸರದಿ, ನನಗೂ ಸೇರಿ. ಗೊಣಗಾಟ ಬಹಳವಿತ್ತು. ಹಿರಿಯ ನರ್ಸ್ ಮೇರಿ, ಹದಿನೆಂಟು ವರ್ಷ ಅನುಭವವಿದ್ದವರು, "ಈ ವಯಸ್ಸಲ್ಲಿ ಗೊಂಬೆ ಆಟ ಆಡಿಸ್ತೀರಲ್ಲ ಮೇಡಂ" ಎಂದರು. ಆಡಳಿತಾಧಿಕಾರಿಗಳು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ರೋಗಿಗಳು ಕಂಡರೆ ನಗುತ್ತಾರೆ, ಪರದೆ ಎಳೆದುಕೊಂಡು ಮಾಡಿ ಎಂದು ಹೇಳಿ ಹೋದರು. ಪರದೆ ಎಳೆದುಕೊಂಡೇ ಮಾಡಿದೆವು. ಶೋಭಾ ಮಾತ್ರ ತನ್ನ ಸರದಿ ಇಲ್ಲದ ದಿನವೂ ಮಾಡುತ್ತಿದ್ದಳು. ಗೊಂಬೆಯ ಹೊಲಿಗೆ ಬಿಚ್ಚಿದಾಗಲೆಲ್ಲ ಸರಿಮಾಡುವ ಕೆಲಸ ಅವಳದೇ. ಹೊಲಿದಾದ ಮೇಲೆ ಗಾಳಿ ಹೋಗುತ್ತದೆಯೋ ಇಲ್ಲವೋ ಎಂದು ಹತ್ತಾರು ಸಲ ಬ್ಯಾಗ್ ಒತ್ತಿ ನೋಡುತ್ತಿದ್ದಳು. ನನ್ನ ಸರದಿಗಳು ಮಾತ್ರ ತಪ್ಪುತ್ತಾ ಹೋದವು. ಮೀಟಿಂಗು, ಔಷಧಿ ಸ್ಟಾಕು, ರಜೆ ಅರ್ಜಿ ಎಂದು ಏನಾದರೊಂದು ನೆಪ ಸಿಗುತ್ತಿತ್ತು. ಆಗಸ್ಟ್ ಹೊತ್ತಿಗೆ ನಾನು ಗುಂಡನನ್ನು ಮುಟ್ಟಿ ಎರಡು ತಿಂಗಳ ಮೇಲಾಗಿತ್ತು.

ಘಟನೆ ನಡೆದದ್ದು ೨೦೦೭ರ ಸೆಪ್ಟೆಂಬರ್‌ನಲ್ಲಿ, ಒಂದು ಗುರುವಾರ. ರಾಮನಗರ ಹೊಸ ಜಿಲ್ಲೆಯಾಗಿ ಸುಮಾರು ಒಂದು ತಿಂಗಳಾಗಿತ್ತು. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಡ್ಯೂಟಿ ಡಾಕ್ಟರ್ ಲತಾ ಮಹಡಿಯ ಮೇಲೆ ಆಪರೇಷನ್ ಥಿಯೇಟರಿನಲ್ಲಿ ಸಿಸೇರಿಯನ್ ಮಾಡುತ್ತಿದ್ದರು. ಕೆಳಗೆ ತುರ್ತು ಕೋಣೆಯಲ್ಲಿ ನಾನು, ಮೇರಿ, ಶೋಭಾ ಇದ್ದೆವು. ಮೇರಿ ಮತ್ತು ನಾನು ಔಷಧಿ ಪಟ್ಟಿ ನೋಡುತ್ತಿದ್ದೆವು.

ಹೊರಗೆ ಬೈಕೊಂದು ಬ್ರೇಕ್ ಹಾಕಿದ ಸದ್ದಾಯಿತು. ಅದರ ಹಿಂದೆಯೇ ಒಬ್ಬ ಅಜ್ಜಿಯ ಕೂಗು.

"ಸಿಸ್ಟರಮ್ಮಾ! ನನ್ನ ಕೂಸು ಕಣವ್ವ! ನೀರಿನ ಸಂಪೊಳಕ್ಕೆ ಬಿದ್ಬುಡ್ತು! ಉಸ್ರೇ ಇಲ್ಲ ಕಣವ್ವ!"

ಬೈಕ್ ಓಡಿಸಿಕೊಂಡು ಬಂದವನು ಪಕ್ಕದ ಮನೆಯ ಶಿವಲಿಂಗ ಎಂಬಾತ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಕಾರ್ಖಾನೆ ಕೆಲಸಗಾರ. ಅಜ್ಜಿಯ ಮಡಿಲಿಂದ ಮಗುವನ್ನು ಎತ್ತಿ ನಮ್ಮ ಮಂಚದ ಮೇಲೆ ಮಲಗಿಸಿ ಒಂದೇ ಉಸಿರಿಗೆ ಹೇಳಿದ. "ಟ್ಯಾಂಕರ್ ನೀರು ಬುಟ್ಟು ಸಂಪಿನ ಮುಚ್ಚಳ ಹಾಕ್ನಿಲ್ಲ ಕಣಮ್ಮ. ಯಾವಾಗ ಬಿತ್ತೋ ಯಾರೂ ನೋಡ್ನಿಲ್ಲ. ತಲೆಕೆಳಗ್ ಮಾಡಿ ನೀರು ತೆಗ್ಯಾನ ಅಂತ ಜನ ಸೇರಿದ್ರು. ಬ್ಯಾಡ ಅಂತ ನಾನೇ ಎತ್ಕಂಡು ಬಂದ್ಬುಟ್ಟೆ. ಐದು ನಿಮ್ಸ ಆಗಿರ್ಬೇಕು ಎತ್ತಿ."

ಎರಡೂವರೆ ವರ್ಷದ ಹೆಣ್ಣುಮಗು. ಹೆಸರು ಪಲ್ಲವಿ ಎಂದು ಆಮೇಲೆ ತಿಳಿಯಿತು. ತುಟಿ ನೀಲಿಗಟ್ಟಿತ್ತು, ಮೈ ತಣ್ಣಗಿತ್ತು, ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಆಯಾಳನ್ನು ಮಹಡಿಗೆ ಓಡಿಸಿದೆ. ಅವಳು ತಿರುಗಿ ಬಂದು ಡಾಕ್ಟರ್ ಹೇಳಿದ್ದನ್ನು ಹೇಳಿದಳು. "ಹೊಟ್ಟೆ ತೆರೆದೈತಂತೆ, ಬಿಟ್ಟು ಬರಕ್ಕಾಗಲ್ವಂತೆ, ಹತ್ತು ನಿಮಿಷ ನೀವೇ ನೋಡ್ಕೋಬೇಕಂತೆ."

ಹತ್ತು ನಿಮಿಷ.

ಅವಳು ಮೆಟ್ಟಿಲು ಹತ್ತುವ ಮೊದಲೇ ಹಿರಿಯಳೆಂದು ನಾನೇ ಆಂಬು ಬ್ಯಾಗ್ ಕೈಗೆತ್ತಿಕೊಂಡಿದ್ದೆ. ಆ ಕ್ಷಣದಲ್ಲಿ ಬೇರೆ ಯೋಚನೆಯೇ ಬರಲಿಲ್ಲ. ಮೇರಿ ಬಾಯೊಳಗಿನ ನೀರು, ಕೆಸರನ್ನು ಸಕ್ಷನ್ ಹಾಕಿ ತೆಗೆದು ಆಕ್ಸಿಜನ್ ಜೋಡಿಸಿದರು. ಸರಿಯಾದ ಮಾಸ್ಕ್ ಹಾಕಿ ಹಿಂಡತೊಡಗಿದೆ. ಶೋಭಾ ಮಗುವಿನ ತೋಳಿನ ಒಳಭಾಗದಲ್ಲಿ ಬೆರಳಿಟ್ಟು ನಾಡಿ ನೋಡುತ್ತಿದ್ದಳು. ಗಾಬರಿಯಲ್ಲಿ ಅವಳ ಬಾಯಿಗೆ ಹಳ್ಳಿಯ ಮಾತೇ ಬಂತು.

"ಪಲ್ಸ್ ಐತೆ ಮೇಡಂ. ಬೋ ನಿಧಾನ. ಹತ್ತು ಸೆಕೆಂಡಿಗೆ ಎಂಟು."

ಅಂದರೆ ನಿಮಿಷಕ್ಕೆ ನಲವತ್ತೆಂಟು. ಹೃದಯ ಇನ್ನೂ ಹೋರಾಡುತ್ತಿದೆ, ಗಾಳಿ ಸಿಕ್ಕರೆ ಉಳಿಯುತ್ತದೆ. ನಾನು ಇನ್ನೂ ಬಲವಾಗಿ ಹಿಂಡಿದೆ.

"ಎದೆ ಏಳ್ತಿಲ್ಲ ಮೇಡಂ."

"ಏಳುತ್ತೆ, ಇರು."

"ಏಳ್ತಿಲ್ಲ. ಹೊಟ್ಟೆ ಉಬ್ತಾ ಐತೆ. ಕತ್ತು ಬೋ ಹಿಂದಕ್ಕೆ ಹೋಗೈತೆ." ಅವಳ ದನಿ ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. "ನಂಗೆ ಕೊಡಿ ಮೇಡಂ."

ಆಗ ನನ್ನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಮೊದಲು ಹುಟ್ಟಿದ್ದು ಸಿಟ್ಟು. ನಿನ್ನೆ ಮೊನ್ನೆ ಬಂದವಳು, ಮಾಸ್ಕನ್ನು ನೆಲಕ್ಕೆ ಬೀಳಿಸಿ ಓಡಿಹೋದವಳು, ನನಗೆ ಹೇಳುತ್ತಾಳೆಯೇ ಎಂದು. ಅದು ಒಂದು ಸೆಕೆಂಡೋ ಎರಡು ಸೆಕೆಂಡೋ. ಆಮೇಲೆ ಕಣ್ಣು ಮಗುವಿನ ಎದೆಯ ಕಡೆ ಹೋಯಿತು. ಅದು ಹಲಗೆಯಂತೆ ಮಿಸುಕದೆ ಇತ್ತು. ಬ್ಯಾಗನ್ನು ಶೋಭಾಳ ಕೈಗೆ ಕೊಟ್ಟೆ.

ಅವಳು ತಲೆಯ ಕಡೆಗೆ ಬಂದು ನಿಂತು, ಮಗುವಿನ ತಲೆಯನ್ನು ಒಂದಿಷ್ಟು ಮುಂದಕ್ಕೆ ತಂದು, ಎಡಗೈ ಬೆರಳುಗಳಿಂದ ದವಡೆ ಎತ್ತಿ ಹಿಡಿದು ಮಾಸ್ಕನ್ನು ಕೂರಿಸಿದಳು. ಒಂದು ಸಲ ಮೆಲ್ಲಗೆ ಹಿಂಡಿದಳು. ಎದೆ ಎದ್ದಿತು. ಇಪ್ಪತ್ತೇಳು ವರ್ಷದ ವೃತ್ತಿಯಲ್ಲಿ ಅಷ್ಟು ಸಣ್ಣ ಚಲನೆಯೊಂದನ್ನು ನಾನು ಅಷ್ಟು ಆಸೆಯಿಂದ ನೋಡಿದ್ದು ಇಲ್ಲ.

"ಏಳ್ತಾ ಐತೆ" ಎಂದರು ಮೇರಿ. ಕೇರಳದ ಅವರ ಬಾಯಲ್ಲೂ ಆ ಹೊತ್ತಿಗೆ ಐತೆ ಬಂದಿತ್ತು.

ಅರ್ಧ ನಿಮಿಷ ಗಾಳಿ ಕೊಟ್ಟ ಮೇಲೆ ಮೇರಿ ನಾಡಿ ಎಣಿಸಿದರು. ಹತ್ತು ಸೆಕೆಂಡಿಗೆ ಒಂಬತ್ತು. ನಿಮಿಷಕ್ಕೆ ಐವತ್ತನಾಲ್ಕು, ಅರವತ್ತಕ್ಕಿಂತ ಕಡಿಮೆಯೇ. "ಮೇಡಂ, ಎದೆ ಒತ್ತಿ. ಹದಿನೈದಕ್ಕೆ ಎರಡು" ಎಂದಳು ಶೋಭಾ. ನಾನು ಎದೆಮೂಳೆಯ ಕೆಳಭಾಗದಲ್ಲಿ ಒಂದು ಅಂಗೈ ಊರಿ ಜೋರಾಗಿ ಎಣಿಸುತ್ತಾ ಒತ್ತತೊಡಗಿದೆ. ಹದಿನೈದಕ್ಕೆ ನಿಲ್ಲಿಸುತ್ತಿದ್ದೆ, ಅವಳು ಎರಡು ಉಸಿರು ಕೊಡುತ್ತಿದ್ದಳು, ಮತ್ತೆ ಹದಿನೈದು. ಪರದೆಯ ಹಿಂದೆ ಗುಂಡನ ಮೇಲೆ ಮಾಡುತ್ತಿದ್ದ ಲಯವೇ ಅದು. ಬಾಗಿಲ ಹೊರಗೆ ಅಜ್ಜಿ ಯಾವ ಯಾವುದೋ ದೇವರ ಹೆಸರು ಕೂಗುತ್ತಿದ್ದರು. ನಾನು ಎಣಿಸುತ್ತಿದ್ದೆ. ಬೇರೇನೂ ಕಿವಿಗೆ ಬೀಳದಿರಲೆಂದು ಇನ್ನೂ ಜೋರಾಗಿ ಎಣಿಸಿದೆ.

ಎರಡು ನಿಮಿಷವಾದ ಮೇಲೆ ಮೇರಿ ಮತ್ತೆ ನಾಡಿ ಹಿಡಿದರು. ಅವರ ತುಟಿ ಅಲುಗುವುದನ್ನೇ ನೋಡುತ್ತಾ ನಿಂತೆವು.

"ಹದಿನೆಂಟು" ಎಂದರು. "ಹತ್ತು ಸೆಕೆಂಡಿಗೆ ಹದಿನೆಂಟು!"

ನಿಮಿಷಕ್ಕೆ ನೂರೆಂಟು. ನಾನು ಕೈ ತೆಗೆದೆ. ಶೋಭಾ ಗಾಳಿ ಕೊಡುವುದನ್ನು ಮುಂದುವರಿಸಿದಳು. ತುಟಿಯ ನೀಲಿ ಮೊದಲು ಬೂದುಬಣ್ಣವಾಯಿತು, ಆಮೇಲೆ ನಿಧಾನವಾಗಿ ಕೆಂಪು ಕಾಣಿಸಿತು. ಹತ್ತು ನಲವತ್ತಾರಕ್ಕೆ ಮಗು ಮೊದಲ ಸಲ ತಾನಾಗಿ ಗಕ್ಕೆಂದು ಗಾಳಿ ಎಳೆದುಕೊಂಡಿತು. ಕೂಡಲೇ ವಾಂತಿಯಾಯಿತು. ಪಕ್ಕಕ್ಕೆ ಹೊರಳಿಸಿ ಮತ್ತೆ ಸಕ್ಷನ್ ಹಾಕಿದೆವು. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು, ಶೋಭಾ ನಡುನಡುವೆ ತುಂಬಿಕೊಡುತ್ತಿದ್ದಳು. ಹತ್ತು ನಲವತ್ತೊಂಬತ್ತಕ್ಕೆ ಮಗು ಅತ್ತಿತು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಗಂಟಲು ಬಿಟ್ಟು.

ಹೊರಗೆ ಅಜ್ಜಿಯ ಕೂಗು ಥಟ್ಟನೆ ನಿಂತಿತು. ಬಾಗಿಲ ಸಂದಿಯಿಂದ ತಲೆ ಹಾಕಿ, ನಂಬಿಕೆಯೇ ಇಲ್ಲದ ದನಿಯಲ್ಲಿ ಕೇಳಿದರು.

"ಈಗ ಅತ್ತದ್ದು ನನ್ನ ಕೂಸೇನವ್ವ?"

"ಹೂ ಅಜ್ಜಿ, ನಿಮ್ಮ ಕೂಸೇ" ಎಂದಳು ಶೋಭಾ. ಹೇಳಿದವಳೇ ತಾನೂ ಅಳತೊಡಗಿದಳು, ಬ್ಯಾಗನ್ನು ಮಾತ್ರ ಕೈಬಿಡಲಿಲ್ಲ.

ಮೂರು ನಿಮಿಷದ ಮೇಲೆ ಡಾಕ್ಟರ್ ಲತಾ ಥಿಯೇಟರಿನ ಹಸಿರು ಗೌನಿನಲ್ಲೇ ಓಡಿ ಬಂದರು. ಮೇಲೆ ಸಿಸೇರಿಯನ್ ಆದ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಪಲ್ಲವಿಯನ್ನು ಪರೀಕ್ಷಿಸಿ, ಶ್ವಾಸಕೋಶಕ್ಕೆ ನೀರು ಹೋಗಿರುವುದರಿಂದ ಬೆಂಗಳೂರಿನ ಮಕ್ಕಳ ಐಸಿಯುಗೆ ಕಳಿಸಲೇಬೇಕು ಎಂದರು. ಅಷ್ಟರಲ್ಲಿ ಪಲ್ಲವಿಯ ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಕತ್ತಿಗೆ ಇಂಚುಪಟ್ಟಿ ಹಾಕಿಕೊಂಡೇ ಓಡಿ ಬಂದಳು, ಹಿಂದೆಯೇ ತಂದೆಯೂ ಬಂದ. ಆಂಬುಲೆನ್ಸಿನಲ್ಲಿ ಅವರಿಬ್ಬರ ಜೊತೆ ಶೋಭಾಳನ್ನೇ ಕಳಿಸಿದೆ. ದಾರಿಯಲ್ಲಿ ಉಸಿರು ತಪ್ಪಿದರೆ ಬ್ಯಾಗ್ ಹಿಡಿಯಲು ಆ ಕೈಗಿಂತ ಬೇರೆ ಕೈಯನ್ನು ನಾನು ನಂಬಲಾರದವಳಾಗಿದ್ದೆ, ನನ್ನದನ್ನೂ ಸೇರಿಸಿ.

ಆಂಬುಲೆನ್ಸ್ ಹೋದ ಮೇಲೆ ವರಾಂಡದ ಮೆಟ್ಟಿಲ ಮೇಲೆ ಕುಳಿತೆ. ಅಜ್ಜಿಯೂ ಅಲ್ಲೇ ಕುಳಿತಿದ್ದರು. ಹೆಸರು ಪುಟ್ಟತಾಯಮ್ಮ, ಊರು ದೊಡ್ಡಆಲಹಳ್ಳಿ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆಂದು ಮೊಮ್ಮಗಳನ್ನು ನೋಡಿಕೊಳ್ಳಲು ಎರಡು ವಾರದ ಹಿಂದಷ್ಟೇ ಬಂದಿದ್ದರು. ಕಾಫಿ ತರಿಸಿಕೊಟ್ಟೆ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ.

"ಎಷ್ಟೋ ಕುರಿಮರಿ ಸಾಕಿವ್ನಿ ಕಣವ್ವ. ಒಂದ್ನೂ ನೀರಿಗೆ ಬುಟ್ಟೋಳಲ್ಲ" ಎಂದರು. "ನಮ್ಮೂರಲ್ಲಿ ಕೆರೆ ಅಂದ್ರೆ ಕೆರೆ, ಬಾವಿ ಅಂದ್ರೆ ಬಾವಿ, ಕಣ್ಣಿಗೆ ಕಾಣ್ತದೆ. ಇಲ್ಲಿ ಬಾಗ್ಲ ಮುಂದ್ಲ ನೆಲದೊಳಗೇ ನೀರು ಮಡಗವ್ರೆ. ಆ ಮುಚ್ಚಳನ ನಾನು ನೆಲ ಅಂತ್ಲೇ ಅಂದ್ಕಂಡಿದ್ದೆ. ಒಸಿ ಅಕ್ಕಿ ಆರುಸ್ಕಂಡು ಬರಾನ ಅಂತ ಒಳಕ್ಕೆ ಹೋದೆ ಕಣವ್ವ, ಒಸಿ ಹೊತ್ತು."

ಅವರ ಮುಂಗೈ ಮೇಲೆ ಕೈಯಿಟ್ಟು ಕುಳಿತೆ. ಮಗು ಅತ್ತದ್ದನ್ನು ನೀವೇ ಕೇಳಿದಿರಲ್ಲಮ್ಮ ಎಂದೆ. ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡು ಕೊನೆಗೆ ಆರಿದ ಕಾಫಿ ಕುಡಿದರು.

ಮುಂದಿನ ಎರಡು ದಿನ ಕಷ್ಟದವು. ಮಗು ಉಳಿಯಿತು ಎಂದು ಆಸ್ಪತ್ರೆಯಲ್ಲೆಲ್ಲ ಸಂಭ್ರಮ. ಆದರೆ ನನಗೆ ಬೇರೆ ಭಯ ಕಾಡುತ್ತಿತ್ತು. ಮಿದುಳಿಗೆ ಆಕ್ಸಿಜನ್ ಇಲ್ಲದೆ ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಉಸಿರು ಮರಳಿದ ಮಗುವಿಗೆ ಮಾತು, ನಡಿಗೆ, ಗುರುತು ಎಲ್ಲ ಮರಳುತ್ತವೆ ಎಂದೇನೂ ಇಲ್ಲ. ಅದಕ್ಕಿಂತ ಚುಚ್ಚುತ್ತಿದ್ದದ್ದು ಇನ್ನೊಂದು. ನಾನು ಬ್ಯಾಗ್ ಹಿಡಿದು ವ್ಯರ್ಥ ಮಾಡಿದ ಆ ಮುಕ್ಕಾಲು ನಿಮಿಷ. ಏನಾದರೂ ಕೊರತೆ ಉಳಿದರೆ ಆ ಮುಕ್ಕಾಲು ನಿಮಿಷಕ್ಕೆ ಉತ್ತರ ಹೇಳಬೇಕಾದವಳು ನಾನು. ಶುಕ್ರವಾರ ಬಂದ ಶ್ರೀಧರ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಬ್ಯಾಗ್ ಬಿಟ್ಟುಕೊಟ್ಟಿರಲ್ಲ ಸಿಸ್ಟರ್, ಕೆಲವರು ಅದನ್ನೂ ಮಾಡಲ್ಲ" ಎಂದಷ್ಟೇ ಹೇಳಿದರು.

ಭಾನುವಾರ ಬೆಳಿಗ್ಗೆ ನರ್ಸಿಂಗ್ ಸ್ಟೇಷನ್ನಿನ ಫೋನ್ ರಿಂಗಾಯಿತು. ಪಲ್ಲವಿಯ ತಂದೆ.

"ಸಿಸ್ಟರಮ್ಮ, ನಿನ್ನೆ ಸಂಜೆ ಅವ್ವ ಅಂದ್ಲು. ಬೆಳಗ್ಗೆ ಎದ್ದು ಇಡ್ಲಿ ಕೇಳುದ್ಲು. ಇಲ್ಲಿ ಕೊಟ್ಟಿದ್ನ ನೋಡಿ ಇದಲ್ಲ, ತಟ್ಟೆ ಇಡ್ಲಿ ಬೇಕು ಅಂತ ಹಠ ಹಿಡ್ದವಳೆ! ಏನೂ ತೊಂದ್ರೆ ಇಲ್ವಂತೆ, ಡಾಕ್ಟ್ರು ಹೇಳುದ್ರು."

ರಿಸೀವರ್ ಇಟ್ಟು ಗೋಡೆಗೆ ಒರಗಿ ನಿಂತೆ. ಮೇರಿ ಓಡಿ ಬಂದು ಏನಾಯಿತು ಎಂದು ಕೇಳಿದರೆ, "ಇಡ್ಲಿ" ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಇಬ್ಬರೂ ನಗತೊಡಗಿದೆವು.

ಮೂರು ವಾರದ ಮೇಲೆ ಅಜ್ಜಿ ಪಲ್ಲವಿಯನ್ನು ಎತ್ತಿಕೊಂಡು ಬಂದರು. ಶೋಭಾ ಆಸೆಯಿಂದ ಕೈ ಚಾಚಿದಳು. ಬಿಳಿ ಬಟ್ಟೆ ಕಂಡಿದ್ದೇ ತಡ, ಹುಡುಗಿ ಕಿಟಾರನೆ ಕಿರುಚಿ ಅಜ್ಜಿಯ ಸೆರಗಿನೊಳಗೆ ತಲೆ ಹುದುಗಿಸಿದಳು. ಕೊನೆಗೂ ಶೋಭಾಳ ಬಳಿ ಹೋಗಲೇ ಇಲ್ಲ. ಅಷ್ಟು ಗಟ್ಟಿಯಾದ ಅಳುವನ್ನು ಕೇಳಿ ಇಡೀ ವಾರ್ಡೇ ನಕ್ಕಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾನು ನಿಜವಾಗಿ ಕಲಿತದ್ದು ಇದರ ನಂತರ.

ಒಂದು ಮಗುವನ್ನು ಉಳಿಸಿದ ಮೇಲೆ ನಮಗೆಲ್ಲ ಧೈರ್ಯ ಬಂತು. ನಿಜವಾದ ಮಗುವಿನ ಮೇಲೇ ಮಾಡಿದ್ದೇವೆ, ಇನ್ನು ಗೊಂಬೆ ಯಾಕೆ ಎಂಬ ಭಾವನೆ ಯಾರೂ ಹೇಳದೆಯೇ ಹರಡಿತು. ಹತ್ತು ನಿಮಿಷದ ಅಭ್ಯಾಸ ಐದು ನಿಮಿಷಕ್ಕಿಳಿಯಿತು, ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತೇಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಶ್ರೀಧರ ಮತ್ತೆ ಹೇಳದೆ ಕೇಳದೆ ಗೊಂಬೆ ತಂದರು. ಈ ಸಲವೂ ಅರ್ಧಕ್ಕಿಂತ ಹೆಚ್ಚು ಜನ ತಪ್ಪಿದರು. ತಪ್ಪಿದವರಲ್ಲಿ ಶೋಭಾಳೂ ಇದ್ದಳು. ಕತ್ತನ್ನು ಸರಿಯಾಗಿಯೇ ಹಿಡಿದಿದ್ದಳು, ಆದರೆ ಉಸಿರನ್ನು ತೀರಾ ವೇಗವಾಗಿ ಕೊಟ್ಟಳು, ಮಗು ಉಸಿರು ಹೊರಬಿಡಲು ಸಮಯವೇ ಇರಲಿಲ್ಲ. ಒಂದು ಜೀವ ಉಳಿಸಿದ ಕೈ ಏಳು ತಿಂಗಳಲ್ಲಿ ಮರೆತಿತ್ತು. ಈ ಸಲ ಅವಳು ಓಡಿಹೋಗಲಿಲ್ಲ. "ಇನ್ನೊಂದ್ಸಲ ಮಾಡ್ತೀನಿ ಸರ್" ಎಂದು ಮತ್ತೆ ಮಾಸ್ಕ್ ಎತ್ತಿಕೊಂಡಳು.

ಅಂದೇ ತುರ್ತು ಕೋಣೆಯಲ್ಲಿ ಒಂದು ಕಪ್ಪು ಹಲಗೆ ಹಾಕಿಸಿದೆ. ಅದರ ಮೇಲೆ ಬರೆಯುತ್ತಿದ್ದದ್ದು ಒಂದೇ ಸಂಗತಿ: ಯಾರು ಯಾವ ದಿನ ಕೊನೆಯ ಸಲ ಅಭ್ಯಾಸ ಮಾಡಿದರು ಎಂಬುದು. ಉಸಿರಿಲ್ಲದ ಮಗು ಬಂದರೆ ಹಲಗೆಯ ಪ್ರಕಾರ ಆ ಪಾಳಿಯಲ್ಲಿ ತೀರಾ ಈಚೆಗೆ ಅಭ್ಯಾಸ ಮಾಡಿದವಳೇ ಬ್ಯಾಗ್ ಹಿಡಿಯಬೇಕು, ಹಿರಿಯರು ಎದೆ ಒತ್ತಬೇಕು, ಇಲ್ಲವೇ ಎಣಿಸಬೇಕು. ಹುದ್ದೆ, ಅನುಭವ ಯಾವುದೂ ಲೆಕ್ಕಕ್ಕಿಲ್ಲ. ಮೊದಲು ಒಪ್ಪದಿದ್ದವರು ಮೇರಿ. ಎರಡು ವಾರದ ಮೇಲೆ ಹಲಗೆಯಲ್ಲಿ ತಮ್ಮ ಹೆಸರಿನ ಮುಂದೆ ಹಳೆಯ ದಿನಾಂಕ ನೋಡಲಾಗದೆ ಅವರೇ ಎಲ್ಲರಿಗಿಂತ ಮುಂಚೆ ಬರತೊಡಗಿದರು. ನಾನೂ ಸರದಿ ತಪ್ಪಿಸಲಿಲ್ಲ. ಅಲ್ಲಿದ್ದ ಮುಂದಿನ ಹತ್ತು ವರ್ಷಗಳಲ್ಲಿ ಆ ಹಲಗೆಯನ್ನು ನಂಬಿ ನಾವು ಎದುರಿಸಿದ ಸಂದರ್ಭಗಳು ಬೇರೆಯೂ ಇವೆ. ಎಲ್ಲವೂ ಪಲ್ಲವಿಯದರಂತೆ ಸುಖವಾಗಿ ಕೊನೆಗೊಳ್ಳಲಿಲ್ಲ. ಆದರೆ ಎದೆ ಏಳುತ್ತಿದೆಯೇ ಎಂದು ನೋಡದೆ ಯಾರೂ ಚೀಲ ಹಿಂಡಲಿಲ್ಲ.

೨೦೧೮ರಲ್ಲಿ ನಿವೃತ್ತಳಾದೆ. ಶೋಭಾ ಈಗ ಬೇರೊಂದು ಊರಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತಾಳೆ. ಒಮ್ಮೊಮ್ಮೆ ಅವಳು ತರಗತಿಗೆ ನನ್ನನ್ನು ಕರೆಯುವುದುಂಟು. ವಿದ್ಯಾರ್ಥಿಗಳು ಕೇಳುತ್ತಾರೆ, ಇಷ್ಟು ವರ್ಷದ ಅನುಭವ ಇದೆಯಲ್ಲ ಮೇಡಂ, ಈಗ ಒಂದು ಮಗು ಬಂದರೆ ಹೇಗೆ ಮಾಡುತ್ತೀರಿ ಎಂದು. ನಾನು ಬ್ಯಾಗನ್ನು ಮುಟ್ಟುವುದೇ ಇಲ್ಲ ಎನ್ನುತ್ತೇನೆ. ನನ್ನ ತಲೆಗೆ ಎಲ್ಲ ಹಂತಗಳೂ ನೆನಪಿವೆ, ಆ ನೆನಪನ್ನು ನಾನು ನಂಬುವುದಿಲ್ಲ. ಈ ವಾರ ಅಭ್ಯಾಸ ಮಾಡಿದವರು ಇಲ್ಲಿ ಯಾರಿದ್ದೀರಿ ಎಂದು ಕೇಳುತ್ತೇನೆ. ಕೈ ಎತ್ತಿದವಳು ಮೊನ್ನೆ ತಾನೆ ತರಗತಿಗೆ ಸೇರಿದ ಹುಡುಗಿಯಾದರೂ ಸರಿ, ಪಕ್ಕಕ್ಕೆ ಸರಿದು ಮಗುವಿನ ತಲೆಯ ಬಳಿ ಅವಳಿಗೆ ಜಾಗ ಬಿಡುತ್ತೇನೆ.